ಪದಕಪಟ್ಟಿಯಾಚೆಗಿನ ಸಾಧಕರು: ಪೇಟ್ಕರ್‌ ಅವರಿಂದ ಸುಹಾಸ್‌ ಅವರವರೆಗೆ

2008ರ ಆಗಸ್ಟ್ ತಿಂಗಳಲ್ಲಿ ಬೀಜಿಂಗ್‌ನ ಶೂಟಿಂಗ್ ಅಂಕಣದಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದಾಗ, ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಸ್ವರ್ಣ ದೊರೆಯಿತೆಂದು ದೇಶದ ಪತ್ರಿಕೆಗಳೆಲ್ಲ ದಪ್ಪಕ್ಷರಗಳಲ್ಲಿ ಸಾರಿದವು. ಒಲಿಂಪಿಕ್ಸ್‌ನ ಮಟ್ಟಿಗೆ ಆ ಮಾತು ನಿಜ. ಆದರೆ ಅದಕ್ಕೂ 36 ವರ್ಷಗಳ ಹಿಂದೆಯೇ ಅಂತಾರಾಷ್ಟ್ರೀಯ ಕ್ರೀಡಾಕೂಟವೊಂದರಲ್ಲಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದು ತಂದಿದ್ದ ಭಾರತೀಯನೊಬ್ಬ ಪುಣೆಯಲ್ಲಿ ಸದ್ದಿಲ್ಲದೆ ಬದುಕುತ್ತಿದ್ದರು. ನಮ್ಮಲ್ಲಿ ಅನೇಕರು ಕೆಲಸಕ್ಕೆ ಹೋಗಿಬರುವ ಅದೇ ನಗರದಲ್ಲಿ, ನಮ್ಮಲ್ಲಿ ಅನೇಕರು ದುಡಿದಿರುವ ಟೆಲ್ಕೋ ಕಾರ್ಖಾನೆಯಲ್ಲಿಯೇ ಅವರೂ ದುಡಿದಿದ್ದರು. ಮುರಳಿಕಾಂತ್ ಪೇಟ್ಕರ್ ಎಂಬ ಆ ಹೆಸರು ಜನಸಾಮಾನ್ಯರ ನಾಲಿಗೆಯ ಮೇಲೆ ಬಂದದ್ದು 2024ರಲ್ಲಿ, ಅದೂ 'ಚಂದು ಚಾಂಪಿಯನ್' ಎಂಬ ಹಿಂದಿ ಚಲನಚಿತ್ರದ ಮೂಲಕ.

ತಡವಾಗಿ ಬಂದ ಕೀರ್ತಿಯ ಕಥೆಗಳು ನಮಗೆ ಬಲು ಪ್ರಿಯ. ಕಣ್ಣಾಲಿ ತುಂಬಿಕೊಂಡು ಓದುತ್ತೇವೆ, ಎಂಥ ಛಲ ಎನ್ನುತ್ತೇವೆ, ಪುಟ ಮಗುಚುತ್ತೇವೆ. ಈ ಲೇಖನದ ಉದ್ದೇಶ ಆ ಕಣ್ಣೀರನ್ನು ಮತ್ತೊಮ್ಮೆ ಹರಿಸುವುದಲ್ಲ. ಒಬ್ಬ ಕ್ರೀಡಾಪಟುವಿನ ಬದುಕು ಎಲ್ಲಿ ಅವನ ಛಲದಿಂದ ರೂಪುಗೊಂಡಿತು, ಎಲ್ಲಿ ಬೇರೆಯವರ ನಿರ್ಧಾರಗಳಿಂದ ಅರಳಿತು ಅಥವಾ ಮುರುಟಿತು ಎಂಬುದನ್ನು ಒಂದಿಷ್ಟು ಬಿಡಿಸಿ ನೋಡುವುದು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದಿಲ್ಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಪ್ಯಾರಾ ಅಥ್ಲೆಟಿಕ್ಸ್‌ನ ವಿಶ್ವ ಚಾಂಪಿಯನ್‌ಷಿಪ್ ನಡೆದು, ಆತಿಥೇಯ ಭಾರತ 6 ಚಿನ್ನವೂ ಸೇರಿದಂತೆ 22 ಪದಕಗಳನ್ನು ಗಳಿಸಿತು. ಈ ಎತ್ತರಕ್ಕೆ ನಾವು ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದು ತಕ್ಕ ಸಮಯ.

ಪೇಟ್ಕರ್ ಹುಟ್ಟಿದ್ದು ಸಾಂಗಲಿ ಜಿಲ್ಲೆಯ ಇಸ್ಲಾಂಪುರದ ಕಡೆ, 1944ರಲ್ಲಿ. ಕುಸ್ತಿಯ ಮಣ್ಣು ಅದು. ನಮ್ಮ ಬೆಳಗಾವಿ, ವಿಜಯಪುರಗಳ ಗರಡಿಮನೆಗಳಿಗೂ ಆ ಮಣ್ಣಿಗೂ ಹಳೆಯ ನಂಟು. ಸೈನ್ಯದ ಎಂಜಿನಿಯರಿಂಗ್ ದಳವನ್ನು ಸೇರಿ ಮುಷ್ಟಿಯುದ್ಧದಲ್ಲಿ ಹೆಸರು ಮಾಡಿದ್ದ ತರುಣ 1965ರ ಯುದ್ಧದಲ್ಲಿ ಗುಂಡೇಟುಗಳಿಗೆ ಸಿಲುಕಿದರು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗಿನ ಶಕ್ತಿ ಉಡುಗಿತು. ಮುಂಬಯಿಯ ನೌಕಾದಳದ ಆಸ್ಪತ್ರೆ 'ಅಶ್ವಿನಿ'ಯಲ್ಲಿ ದೀರ್ಘ ಚಿಕಿತ್ಸೆ ನಡೆಯಿತು. ಅಲ್ಲಿ ಈಜನ್ನು ಅವರಿಗೆ ಹೇಳಿಕೊಟ್ಟದ್ದು ಕ್ರೀಡೆಯೆಂದಲ್ಲ, ಔಷಧವೆಂದು. ಮುಷ್ಟಿಯುದ್ಧ ಕೈಬಿಟ್ಟವರು ಕೊಳಕ್ಕಿಳಿದರು, ಟೇಬಲ್ ಟೆನ್ನಿಸ್ ಆಡಿದರು, ಭರ್ಜಿ ಎಸೆದರು. 1968ರಲ್ಲಿ ಟೆಲ್ ಅವೀವ್ ಕೂಟದಲ್ಲಿ ಭಾರತ ಮೊದಲ ಬಾರಿಗೆ ಪಾಲ್ಗೊಂಡಾಗ ತಂಡದಲ್ಲಿ ಅವರೂ ಇದ್ದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಅದೇ ಕೂಟದಲ್ಲಿ ಭರ್ಜಿ ಎಸೆತ ಮತ್ತು ಸ್ಲಾಲಂ ಸ್ಪರ್ಧೆಗಳಲ್ಲಿಯೂ ಅಂತಿಮ ಸುತ್ತು ತಲುಪಿದ್ದರು.

ಇಲ್ಲೊಂದು ವಿವರ ಗಮನಾರ್ಹ. ಆ ವರ್ಷದ ಒಲಿಂಪಿಕ್ಸ್ ನಡೆದದ್ದು ಮ್ಯೂನಿಚ್‌ನಲ್ಲಿ. ಪ್ಯಾರಾಲಿಂಪಿಕ್ಸ್ ಕೂಡ ಅಲ್ಲಿಯೇ ನಡೆಯಬೇಕಿತ್ತು. ಆದರೆ ಒಲಿಂಪಿಕ್ಸ್ ಮುಗಿದೊಡನೆ ಕ್ರೀಡಾಗ್ರಾಮವನ್ನು ವಸತಿಗೃಹಗಳನ್ನಾಗಿ ಪರಿವರ್ತಿಸುವ ಏರ್ಪಾಡಾಗಿದ್ದುದರಿಂದ ಅಂಗವಿಕಲ ಕ್ರೀಡಾಪಟುಗಳಿಗೆ ಅಲ್ಲಿ ಜಾಗವಿಲ್ಲವಾಯಿತು; ಕೂಟವೇ ಹೈಡೆಲ್‌ಬರ್ಗ್‌ಗೆ ಸ್ಥಳಾಂತರವಾಯಿತು. ಜಗತ್ತಿನ ಅತ್ಯಂತ ವ್ಯವಸ್ಥಿತ ರಾಷ್ಟ್ರವೊಂದರಲ್ಲಿ ಪರಿಸ್ಥಿತಿ ಹೀಗಿದ್ದಾಗ, ನಮ್ಮ ದೇಶ ಪೇಟ್ಕರ್ ಅವರನ್ನು ಮರೆತದ್ದು ಆಶ್ಚರ್ಯವೇನಲ್ಲ. ಆಶ್ಚರ್ಯವೆಂದರೆ ಮರೆವಿನ ಉದ್ದ. ಪದ್ಮಶ್ರೀ ಬಂದದ್ದು 2018ರಲ್ಲಿ, ಗೆಲುವಿನ 46 ವರ್ಷಗಳ ನಂತರ. ಜೀವಮಾನ ಸಾಧನೆಯ ಅರ್ಜುನ ಪ್ರಶಸ್ತಿ ಕೈಸೇರಿದ್ದು 2025ರ ಜನವರಿಯಲ್ಲಿ, ಅವರು 80 ದಾಟಿದ ಮೇಲೆ. ಸರಕಾರ ಕೈಚಾಚದ ದಿನಗಳಲ್ಲಿ ಇಂಥ ಕ್ರೀಡಾಪಟುಗಳ ಪ್ರಯಾಣಕ್ಕೆ ನೆರವಾದವರಲ್ಲಿ ಕ್ರಿಕೆಟ್ ದಿಗ್ಗಜ ವಿಜಯ್ ಮರ್ಚೆಂಟ್ ಅವರ ಹೆಸರು ಬರುತ್ತದೆ. ಮುಂಬಯಿಯ ಹಳಬರು ಅದನ್ನು ಇಂದಿಗೂ ನೆನೆಯುತ್ತಾರೆ.

ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೂ ಆಸ್ಪತ್ರೆಯಲ್ಲೇ. ನಾಜಿಗಳ ಕಿರುಕುಳ ತಾಳದೆ ಜರ್ಮನಿಯನ್ನು ತೊರೆದು ಇಂಗ್ಲೆಂಡ್ ಸೇರಿದ ನರರೋಗ ತಜ್ಞ ಡಾ. ಲುಡ್ವಿಗ್ ಗುಟ್‌ಮನ್, ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದರು. ಅಂಥ ರೋಗಿಗಳನ್ನು ಹಾಸಿಗೆಯಲ್ಲಿ ಮಲಗಿಸಿ ಸಾವಿಗೆ ಕಾಯುವುದಷ್ಟೇ ವೈದ್ಯಕೀಯವಾಗಿದ್ದ ಕಾಲ ಅದು. ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ 1948ರ ಜುಲೈ 29ರಂದೇ ಅವರು ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿಗೆ ಬಿಲ್ವಿದ್ಯೆಯ ಸ್ಪರ್ಧೆ ಏರ್ಪಡಿಸಿದರು. 12 ವರ್ಷಗಳ ನಂತರ, 1960ರಲ್ಲಿ, ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆಯಿತು. 2024ರ ಪ್ಯಾರಿಸ್ ಕೂಟಕ್ಕೆ ಬರುವ ಹೊತ್ತಿಗೆ ಸ್ಪರ್ಧಿಗಳ ಸಂಖ್ಯೆ 4,000 ಮೀರಿತ್ತು. ಹೆಸರಿನಲ್ಲಿರುವ 'ಪ್ಯಾರಾ' ಎಂಬುದಕ್ಕೆ ಜೊತೆಜೊತೆಯಾಗಿ, ಸಮಾನಾಂತರವಾಗಿ ಎಂಬ ಅರ್ಥವನ್ನು ಇಂದು ಹೇಳಲಾಗುತ್ತದೆ.

ಹೆಸರಿನ ವಿಚಾರ ಬಂದುದರಿಂದ ಒಂದು ಮಾತು. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಪದಗಳನ್ನು ಈಗ ಬರೆಯಲು ಕೈ ನಡುಗುತ್ತದೆ. ಅವುಗಳ ಜಾಗಕ್ಕೆ 'ಅಂಗವಿಕಲ' ಬಂತು, ಕರ್ನಾಟಕ ಸರಕಾರ 'ವಿಕಲಚೇತನ' ಎಂದಿತು, ಈಗ ದಿಲ್ಲಿಯಿಂದ 'ದಿವ್ಯಾಂಗ' ಬಂದಿದೆ. ಚೇತನ ವಿಕಲವಾಗಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ನಮ್ಮ ಅಂಗದಲ್ಲಿ ದಿವ್ಯವಾದದ್ದೇನೂ ಇಲ್ಲ, ಇಳಿಜಾರು ಕಟ್ಟಿಸಿಕೊಟ್ಟರೆ ಸಾಕು ಎಂದು ಮತ್ತೆ ಕೆಲವರು. ಎರಡನೆಯ ಆಕ್ಷೇಪ ನನಗೆ ಹೆಚ್ಚು ಸರಿಯೆನಿಸುತ್ತದೆ. ಈ ಬರಹದಲ್ಲಿ ಸಾಧ್ಯವಾದಲ್ಲೆಲ್ಲ 'ಕ್ರೀಡಾಪಟು' ಎಂದಷ್ಟೇ ಬರೆದಿದ್ದೇನೆ.

ಪೇಟ್ಕರ್ ಅವರ ಚಿನ್ನದ ನಂತರ ಏನಾಯಿತು? ಏನೂ ಆಗಲಿಲ್ಲ. 1976 ಮತ್ತು 1980ರ ಕೂಟಗಳಿಗೆ ಭಾರತ ತಂಡವನ್ನೇ ಕಳುಹಿಸಲಿಲ್ಲ. 1984ರಲ್ಲಿ ಜೋಗಿಂದರ್ ಸಿಂಗ್ ಬೇಡಿ ಒಬ್ಬರೇ ಮೂರು ಪದಕಗಳನ್ನೂ, ಭೀಮರಾವ್ ಕೇಸರ್ಕರ್ ಭರ್ಜಿ ಎಸೆತದಲ್ಲಿ ಒಂದು ಬೆಳ್ಳಿಯನ್ನೂ ಗಳಿಸಿದರು. ಅನಂತರ ಸೋಲ್, ಬಾರ್ಸಿಲೋನಾ, ಅಟ್ಲಾಂಟಾ, ಸಿಡ್ನಿ, ಹೀಗೆ ನಾಲ್ಕು ಕೂಟಗಳಲ್ಲಿ ಬರಿಗೈ. ಪರಂಪರೆ ಎಂಬುದು ತಾನಾಗಿ ಬೆಳೆಯುವ ಬಳ್ಳಿಯಲ್ಲವೆಂಬುದಕ್ಕೆ ಈ 20 ವರ್ಷಗಳೇ ಸಾಕ್ಷಿ.

ಒಲಿಂಪಿಕ್ಸ್ ಇತಿಹಾಸದಲ್ಲಿಯೂ ಇದೇ ಬಗೆಯ ಮರೆವು ನಮಗೆ ಹೊಸದಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲ ಓಟಗಾರರನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ 1920ರಲ್ಲಿ ಆಂಟ್‌ವರ್ಪ್‌ಗೆ ತಂಡವೊಂದನ್ನು ಕಳುಹಿಸಲು ಮುಂದಾದರು. ಆ ತಂಡದಲ್ಲಿದ್ದ ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷಗಳ ಆಸುಪಾಸಿನಲ್ಲಿ ಪೂರೈಸಿ 19ನೆಯವರಾದರು. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಇಂದು ಗಡಿಯ ಎರಡೂ ಬದಿಯವರು ಆ ನೆಲಕ್ಕಾಗಿ ವಾದಿಸುತ್ತಾರೆ, ಆ ಓಟಗಾರನಿಗಾಗಿ ಯಾರೂ ವಾದಿಸುವುದಿಲ್ಲ.

ಪದಕಗಳಿಲ್ಲದ ಆ ಬರಗಾಲದಲ್ಲಿ ದಾರಿ ತೆರೆದವರಲ್ಲಿ ಕನ್ನಡತಿಯೊಬ್ಬರು ಮುಂಚೂಣಿಯಲ್ಲಿದ್ದಾರೆ: ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳ. ಪ್ಯಾರಾಲಿಂಪಿಕ್ಸ್ ಪದಕಪಟ್ಟಿಯಲ್ಲಿ ಅವರ ಹೆಸರಿಲ್ಲ. ಹಾಗಿದ್ದೂ ಈ ಕ್ಷೇತ್ರದಲ್ಲಿ ಅವರಷ್ಟು ದೀರ್ಘಕಾಲ ಬಾಳಿದವರು, ತಮ್ಮ ನಂತರದವರಿಗೆ ಅವರಷ್ಟು ಉಳಿಸಿಹೋದವರು ವಿರಳ. 1958ರಲ್ಲಿ ಹುಟ್ಟಿದ ಅವರಿಗೆ 14 ತಿಂಗಳ ಎಳೆವಯಸ್ಸಿನಲ್ಲಿ ಜ್ವರ ಬಂದು ಪೋಲಿಯೋ ಇಡೀ ದೇಹವನ್ನು ನಿಶ್ಚಲಗೊಳಿಸಿತು. ಎರಡು ವರ್ಷಗಳಿಗೂ ಹೆಚ್ಚು ಕಾಲ ನೀಡಿದ ವಿದ್ಯುತ್ ಚಿಕಿತ್ಸೆಯಿಂದ ದೇಹದ ಮೇಲ್ಭಾಗಕ್ಕೆ ಶಕ್ತಿ ಮರಳಿತು, ಕೆಳಭಾಗ ಮರಳಲಿಲ್ಲ. ಬಾಲ್ಯದ ಬಹುಭಾಗ ಕಳೆದದ್ದು ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು. ಮನೆಯಂಗಳದಲ್ಲಿ ಆಡಬೇಕಾಗಿದ್ದ ವಯಸ್ಸನ್ನು ಆಸ್ಪತ್ರೆಯ ವಾರ್ಡಿನಲ್ಲಿ ಕಳೆದ ಹುಡುಗಿ ಮುಂದೆ ಗಾಲಿಕುರ್ಚಿಯಲ್ಲಿ ಕುಳಿತು ಗುಂಡು, ಚಕ್ರ, ಭರ್ಜಿಗಳನ್ನು ಎಸೆದರು, ಟ್ರ್ಯಾಕಿನಲ್ಲಿ ಗಾಲಿಕುರ್ಚಿ ಓಡಿಸಿದರು.

1989ರಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಓಟ ಹಾಗೂ ಮೂರೂ ಎಸೆತಗಳಲ್ಲಿ ಚಿನ್ನ ಗಳಿಸಿದ್ದು ಅವರ ಮಹತ್ವದ ಸಾಧನೆ. 1988ರ ಸೋಲ್ ಕೂಟದಿಂದ ಆರಂಭಿಸಿ 2008ರ ಬೀಜಿಂಗ್ ಕೂಟದವರೆಗೆ ಹಲವು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. ಬೀಜಿಂಗ್‌ಗೆ ಹೋಗುವಾಗ ಅವರಿಗೆ 50 ತುಂಬಿತ್ತು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಒಲಿದುಬಂದವು. ಇವೆಲ್ಲದರ ನಡುವೆ ಸಿಂಡಿಕೇಟ್ ಬ್ಯಾಂಕಿನ ನೌಕರಿಯನ್ನೂ ನಿಭಾಯಿಸಿದರು. ಬ್ಯಾಂಕಿನಿಂದ ಬರುತ್ತಿದ್ದ ಸಂಬಳವೇ ಅವರ ಕ್ರೀಡಾಜೀವನದ ಮುಖ್ಯ ಪ್ರಾಯೋಜಕನಾಗಿತ್ತೆಂದರೆ ತಪ್ಪಾಗಲಾರದು. ಉಡುಪಿ-ಮಣಿಪಾಲದಲ್ಲಿ ಬೇರುಬಿಟ್ಟ ಆ ಬ್ಯಾಂಕು ಇಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ. ಮುಂಬಯಿಯ ನಮ್ಮ ಎಷ್ಟೋ ಮನೆಗಳ ಒಲೆ ಉರಿದದ್ದೂ ಅಂಥ ಬ್ಯಾಂಕುಗಳ ನೌಕರಿಯಿಂದಲೇ.

ಸ್ನೇಹಿತರೊಡನೆ ಕೂಡಿ ಮಾಲತಿಯವರು ಕಟ್ಟಿದ ಮಾತೃ ಫೌಂಡೇಶನ್ ಅವರ ಎಲ್ಲ ಪದಕಗಳಿಗಿಂತ ತೂಕದ್ದು. ಹಳ್ಳಿಗಾಡಿನ ಬಡ ಮನೆಗಳಲ್ಲಿ ಹುಟ್ಟಿ, ಹೆತ್ತವರಿಗೆ ಚಿಕಿತ್ಸೆ ಮಾಡಿಸುವ ಶಕ್ತಿಯಿಲ್ಲದೆ ಮೂಲೆ ಸೇರಿದ ಮಕ್ಕಳಿಗೆ ಅಲ್ಲಿ ಆಶ್ರಯ, ಓದು, ಚಿಕಿತ್ಸೆ ದೊರೆಯುತ್ತದೆ. ಕ್ರೀಡಾಪರಂಪರೆ ಎಂದರೆ ದಾಖಲೆಯ ಪುಸ್ತಕದಲ್ಲಿನ ಅಂಕಿಯೇ, ಅಥವಾ ಇಂಥದೊಂದು ಮನೆಯೇ? ಕ್ರೀಡಾಂಗಣದಲ್ಲಿ ಗೆದ್ದವರನ್ನು ಮಾತ್ರ ಎಣಿಸುವ ಸರಕಾರಿ ಲೆಕ್ಕಪತ್ರದಲ್ಲಿ ಎರಡನೆಯದಕ್ಕೆ ಕಲಮೇ ಇಲ್ಲ.

ಇನ್ನು ಹಾಸನ ಜಿಲ್ಲೆಯ ಕಡೆ ಹೊರಳೋಣ. ಒಂದೇ ಜಿಲ್ಲೆ, ಇಬ್ಬರು ಕ್ರೀಡಾಪಟುಗಳು, ಇಬ್ಬರಿಗೂ ಬೆಳ್ಳಿ; ಆದರೆ ಬದುಕಿನ ದಾರಿಗಳು ಅದೆಷ್ಟು ಭಿನ್ನ!

ಮೊದಲನೆಯವರು ಕೊಸವಾಡಿ ಗ್ರಾಮದ ರೈತನ ಮಗ ಎಚ್.ಎನ್. ಗಿರೀಶ. ಎಡಗಾಲಿನ ಊನದೊಡನೆ 1988ರ ಜನವರಿ 26ರಂದು ಜನಿಸಿದ ಅವರು 2012ರ ಲಂಡನ್ ಕೂಟದಲ್ಲಿ ಎಫ್42 ವರ್ಗದ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿದರು. ಫಿಜಿ ದೇಶದ ಇಲಿಯೇಸಾ ಡೆಲಾನಾ ಕೂಡ ಹಾರಿದ್ದು ಅಷ್ಟನ್ನೇ. ಯಾವ ಎತ್ತರವನ್ನು ಎಷ್ಟನೆಯ ಪ್ರಯತ್ನದಲ್ಲಿ ದಾಟಿದರೆಂಬ ಲೆಕ್ಕದಲ್ಲಿ ಚಿನ್ನ ಫಿಜಿಗೆ ಹೋಯಿತು, ಬೆಳ್ಳಿ ನಮಗೆ ಬಂತು. ಹತ್ತು ಜನರ ಭಾರತ ತಂಡಕ್ಕೆ ಆ ಕೂಟದಲ್ಲಿ ದೊರೆತದ್ದು ಅದೊಂದೇ ಪದಕ. ಅದಕ್ಕೂ ಕೆಲವೇ ವಾರಗಳ ಹಿಂದೆ ಅದೇ ನಗರದಲ್ಲಿ ನಡೆದ ಒಲಿಂಪಿಕ್ಸ್‌ನ ಆರು ಪದಕ ವಿಜೇತರ ಹೆಸರುಗಳನ್ನು ಬಾಯಿಪಾಠ ಒಪ್ಪಿಸಬಲ್ಲ ನಮ್ಮ ಮಕ್ಕಳಿಗೆ ಗಿರೀಶರ ಹೆಸರು ಗೊತ್ತಿತ್ತೇ? ಪದ್ಮಶ್ರೀ ಮತ್ತು ಅರ್ಜುನ ಪ್ರಶಸ್ತಿಗಳು 2013 ಮತ್ತು 2014ರಲ್ಲಿ ಬಂದವೆನ್ನುವುದು ನಿಜ. 2016ರ ರಿಯೋ ಕೂಟದಲ್ಲಿ ಅವರು ಸ್ಪರ್ಧಿಸಲಿಲ್ಲ. ಆದರೆ ಎತ್ತರ ಜಿಗಿತದ ಅದೇ ವರ್ಗದಲ್ಲಿ ಅಲ್ಲಿ ಭಾರತದ ಮರಿಯಪ್ಪನ್ ತಂಗವೇಲು ಚಿನ್ನವನ್ನೂ ವರುಣ್ ಭಾಟಿ ಕಂಚನ್ನೂ ಗೆದ್ದರು.

ಇದು ಕಾಕತಾಳೀಯವಲ್ಲ. ಐದನೆಯ ವಯಸ್ಸಿನಲ್ಲಿ ಬಸ್ಸಿನ ಗಾಲಿಗೆ ಸಿಕ್ಕಿ ಬಲಗಾಲು ಜಜ್ಜಿಹೋದ, ತರಕಾರಿ ಮಾರುವ ತಾಯಿಯ ಮಗನಾದ ಸೇಲಂ ಜಿಲ್ಲೆಯ ಮರಿಯಪ್ಪನ್‌ರನ್ನು ತಿದ್ದಿ ತೀಡಿದ್ದು ಬೆಂಗಳೂರಿನಲ್ಲಿ, ತರಬೇತುದಾರ ಸತ್ಯನಾರಾಯಣ ಅವರ ಕೈಕೆಳಗೆ. ಗಿರೀಶರಿಗೂ ಅವರೇ ಗುರು. ಒಬ್ಬ ತರಬೇತುದಾರ, ಒಂದು ಮೈದಾನ, ಒಂದು ಸ್ಪರ್ಧೆ: ಇಷ್ಟು ಸ್ಥಿರವಾಗಿ ನಿಂತರೆ ಒಂದರ ಹಿಂದೆ ಒಂದರಂತೆ ಮೂರು ಕೂಟಗಳಲ್ಲಿ ಪದಕ ಬರುತ್ತದೆ, ಮರಿಯಪ್ಪನ್ ಟೋಕಿಯೋದಲ್ಲಿ ಬೆಳ್ಳಿ, ಪ್ಯಾರಿಸ್‌ನಲ್ಲಿ ಕಂಚು ಗೆದ್ದು ಅದನ್ನು ತೋರಿಸಿಕೊಟ್ಟರು. ಪೇಟ್ಕರ್ ಅವರ ಈಜಿಗೆ ಇಂಥದೊಂದು ಮುಂದುವರಿಕೆ ದೊರಕಿರಲಿಲ್ಲ. ಅವರ ನಂತರ ಪ್ಯಾರಾಲಿಂಪಿಕ್ಸ್ ಈಜಿಗೆ ಅರ್ಹತೆ ಪಡೆದ ಭಾರತೀಯನನ್ನು ಕಾಣಲು 2012ರವರೆಗೆ, ಬೆಂಗಳೂರಿನ ಶರತ್ ಗಾಯಕವಾಡ್‌ರವರೆಗೆ ಕಾಯಬೇಕಾಯಿತು. ಶರತ್ 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟ ಒಂದರಲ್ಲೇ ಆರು ಪದಕ ಗಳಿಸಿದರು. ಅಂಥ ಬಹುಕ್ರೀಡಾ ಕೂಟವೊಂದರಲ್ಲಿ ಭಾರತೀಯರ ಪೈಕಿ ಅತ್ಯಧಿಕವೆನಿಸಿದ್ದ, 1986ರ ಏಷ್ಯಾಡ್‌ನಲ್ಲಿ ಪಿ.ಟಿ. ಉಷಾ ಗಳಿಸಿದ್ದ ಐದು ಪದಕಗಳ ಸಂಖ್ಯೆಯನ್ನು ಅದು ಹಿಂದಿಕ್ಕಿತು. ಎಷ್ಟು ಮಂದಿಗೆ ಈ ಸಂಗತಿ ಗೊತ್ತು?

ಹಾಸನದ ಎರಡನೆಯವರು ಸುಹಾಸ್ ಯತಿರಾಜ್. ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿ, 2007ರ ತಂಡದಲ್ಲಿ ಭಾರತೀಯ ಆಡಳಿತ ಸೇವೆಗೆ ಸೇರಿ ಉತ್ತರ ಪ್ರದೇಶದ ಅಧಿಕಾರಿಯಾದವರು. ದಿಲ್ಲಿಗೆ ಅಂಟಿಕೊಂಡಿರುವ ನೋಯ್ಡಾ ಸೇರಿದ ಗೌತಮ ಬುದ್ಧ ನಗರ ಜಿಲ್ಲೆಯ ದಂಡಾಧಿಕಾರಿಯಾಗಿದ್ದಾಗ, ಕೊರೋನಾ ಕಾಲದ ಹಗಲಿನ ಹೊಣೆಗಾರಿಕೆ ಮುಗಿಸಿ ರಾತ್ರಿ ಬ್ಯಾಡ್ಮಿಂಟನ್ ಅಭ್ಯಾಸ ಮಾಡುತ್ತಿದ್ದರೆಂಬುದು ದಿಲ್ಲಿ ಕನ್ನಡಿಗರ ಹೆಮ್ಮೆಯ ಮಾತು. 2021ರಲ್ಲಿ ನಡೆದ ಟೋಕಿಯೋ ಕೂಟದ ಎಸ್‌ಎಲ್4 ವರ್ಗದ ಅಂತಿಮ ಪಂದ್ಯದಲ್ಲಿ ಫ್ರಾನ್ಸಿನ ಲ್ಯೂಕಾಸ್ ಮಜೂರ್ ವಿರುದ್ಧ ಮೊದಲ ಗೇಮನ್ನು 21-15ರಿಂದ ಗೆದ್ದು, ಮುಂದಿನ ಎರಡನ್ನು 17-21, 15-21ರಿಂದ ಸೋತರು. ಪ್ಯಾರಿಸ್‌ನಲ್ಲಿಯೂ ಎದುರಾಳಿ ಅದೇ ಮಜೂರ್, ಅದೂ ಅವರ ತವರಿನ ಪ್ರೇಕ್ಷಕರ ನಡುವೆ. ಪದಕವೂ ಅದೇ ಬೆಳ್ಳಿ.

ಸುಹಾಸ್ ಅವರ ಸಾಧನೆ ನಿಸ್ಸಂಶಯವಾಗಿ ದೊಡ್ಡದು. 38ನೆಯ ವಯಸ್ಸಿನಲ್ಲಿ ಆ ಮಟ್ಟದ ಬ್ಯಾಡ್ಮಿಂಟನ್ ಆಡುವುದು ಹುಡುಗಾಟವಲ್ಲ. ಆದರೆ ಅವರ ಕಥೆಯನ್ನು ಹೇಳುವಾಗ ನಮ್ಮ ಪತ್ರಿಕೆಗಳು ಮಾಡುವ ಒಂದು ತಪ್ಪಿದೆ. ಮನಸ್ಸಿದ್ದರೆ ಮಾರ್ಗ, ಕೊರತೆಯೆಲ್ಲ ಮನಸ್ಸಿನಲ್ಲಿ, ಎಂದು ತೀರ್ಪು ಕೊಟ್ಟುಬಿಡುತ್ತವೆ. ಗಿರೀಶರಿಗೆ ಮನಸ್ಸು ಕಡಿಮೆಯಿತ್ತೇ? ಕೊಸವಾಡಿಯಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದವರೆಗಿನ ಬಸ್ ಪ್ರಯಾಣ, ತರಬೇತಿಯ ಅವಧಿಯಲ್ಲಿ ಊಟ-ವಸತಿ, ವಿದೇಶ ಪ್ರವಾಸದ ವೆಚ್ಚ: ಇವು ಮನಸ್ಸಿನಲ್ಲಿರುವ ಕೊರತೆಗಳಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವೈಕಲ್ಯವುಳ್ಳವರು 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13 ಲಕ್ಷ. ಇವರಲ್ಲಿ ಹೆಚ್ಚಿನವರು ಗ್ರಾಮವಾಸಿಗಳು. ಪ್ರೇರಣೆಯ ಭಾಷಣ ಅವರಿಗೆ ಬೇಕಾಗಿಲ್ಲವೆಂದಲ್ಲ. ಬೆಳಗ್ಗೆ ಶಾಲೆಗೆ ತಲುಪುವ ದಾರಿ ಮೊದಲು ಬೇಕು.

ಇನ್ನು, ಯಾವ ಛಲವೂ ದಾಟಲಾರದ ಗೋಡೆಯೊಂದು ನಿಯಮಾವಳಿಯಲ್ಲಿದೆ. ಒಲಿಂಪಿಕ್ಸ್‌ನ 100 ಮೀಟರ್ ಓಟ ಯಾವ ದೇಶದಲ್ಲಿ ನಡೆದರೂ ಇರುತ್ತದೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಗಲ್ಲ. ದೇಹದ ಊನದ ಬಗೆ, ತೀವ್ರತೆಗಳನ್ನು ಅಳೆದು ಪ್ರತಿಯೊಬ್ಬರನ್ನೂ ಒಂದು ವರ್ಗಕ್ಕೆ ಸೇರಿಸುತ್ತಾರೆ. ಅಥ್ಲೆಟಿಕ್ಸ್‌ನಲ್ಲಿ ಓಟ ಮತ್ತು ಜಿಗಿತಗಳಿಗೆ ಇಂದು ಟಿ, ಎಸೆತಗಳಿಗೆ ಎಫ್ ಅಕ್ಷರ. 11ರಿಂದ 13 ದೃಷ್ಟಿದೋಷಕ್ಕೆ, 40ರ ಹಿಂದುಮುಂದಿನವು ಕುಳ್ಳುದೇಹ ಮತ್ತು ಕೈಕಾಲುಗಳ ಊನಕ್ಕೆ, 50ರ ಸಾಲಿನವು ಕುಳಿತು ಸ್ಪರ್ಧಿಸುವವರಿಗೆ. ನ್ಯಾಯಕ್ಕೆ ಇದು ಅನಿವಾರ್ಯ. ಒಂದು ಕೈಯಿಲ್ಲದವನನ್ನೂ ಎರಡೂ ಕಾಲಿಲ್ಲದವನನ್ನೂ ಒಟ್ಟಿಗೆ ಓಡಿಸಲಾಗದು. ಆದರೆ ವರ್ಗಗಳು ಹೆಚ್ಚಿದಷ್ಟೂ ಎಲ್ಲ ವರ್ಗಗಳ ಎಲ್ಲ ಸ್ಪರ್ಧೆಗಳನ್ನೂ ಒಂದು ಕೂಟದಲ್ಲಿ ಸೇರಿಸುವುದು ಅಸಾಧ್ಯ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬುದು ದೂರದ ಕಚೇರಿಯೊಂದರಲ್ಲಿ ತೀರ್ಮಾನವಾಗುತ್ತದೆ.

ರಾಜಸ್ಥಾನದ ಚೂರು ಜಿಲ್ಲೆಯ ದೇವೇಂದ್ರ ಝಝಾರಿಯಾ ಈ ಗೋಡೆಗೆ ಎದುರಾದವರು. ಎಂಟು ವರ್ಷದ ಹುಡುಗನಾಗಿದ್ದಾಗ ಮರ ಹತ್ತಿ ವಿದ್ಯುತ್ ತಂತಿ ತಗುಲಿ ಎಡಗೈ ಕಳೆದುಕೊಂಡರು. 2004ರಲ್ಲಿ ಅಥೆನ್ಸ್‌ನಲ್ಲಿ 62.15 ಮೀಟರ್ ದೂರಕ್ಕೆ ಭರ್ಜಿ ಎಸೆದು ವಿಶ್ವದಾಖಲೆಯೊಡನೆ ಚಿನ್ನ ಗೆದ್ದಾಗ ವಯಸ್ಸು 23. ಎಸೆತಗಾರನೊಬ್ಬನ ದೇಹ ಮಾಗುವುದು ಅದರ ನಂತರದ ಹತ್ತು ವರ್ಷಗಳಲ್ಲಿ. ಸರಿಯಾಗಿ ಆ ಹೊತ್ತಿಗೆ, 2008ರಲ್ಲೂ 2012ರಲ್ಲೂ ಅವರ ವರ್ಗದ ಭರ್ಜಿ ಎಸೆತವೇ ಕಾರ್ಯಕ್ರಮಪಟ್ಟಿಯಲ್ಲಿ ಇರಲಿಲ್ಲ! ಸೋತು ಹಿಂದಿರುಗಿದ್ದಲ್ಲ, ಗಾಯಗೊಂಡು ಕುಳಿತದ್ದಲ್ಲ; ಸ್ಪರ್ಧೆಯೇ ಇಲ್ಲ. 2016ರಲ್ಲಿ ಅದು ಮರಳಿದಾಗ 35ರ ಝಝಾರಿಯಾ ರಿಯೋದಲ್ಲಿ 63.97 ಮೀಟರ್ ಎಸೆದು ತಮ್ಮದೇ ದಾಖಲೆ ಮುರಿದು ಎರಡನೆಯ ಚಿನ್ನ ಗೆದ್ದರು. ಟೋಕಿಯೋದಲ್ಲಿ ಇನ್ನೂ ದೂರ, 64.35 ಮೀಟರ್, ಎಸೆದರೂ ದೊರೆತದ್ದು ಬೆಳ್ಳಿ. ಅಷ್ಟರಲ್ಲಿ ಜಗತ್ತು ಮುಂದೆ ಸಾಗಿತ್ತು. ನಡುವಿನ ಎರಡು ಕೂಟಗಳಲ್ಲಿ ಅವರಿಗೆ ಅವಕಾಶವಿದ್ದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ವ್ಯರ್ಥ. ಆದರೆ 12 ವರ್ಷ ಭರ್ಜಿಯನ್ನು ಕೆಳಗಿಡದ ಆ ತಾಳ್ಮೆ ನನ್ನ ಮಟ್ಟಿಗೆ ಎರಡೂ ಚಿನ್ನಗಳಿಗಿಂತ ಮಿಗಿಲು. ಅವರು 2024ರಲ್ಲಿ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷರಾದರು. ಅವರಿಗಿಂತ ಮುಂಚೆ ಆ ಹುದ್ದೆಯಲ್ಲಿದ್ದವರು ರಿಯೋದಲ್ಲಿ ಗುಂಡೆಸೆತದ ಬೆಳ್ಳಿ ಗೆದ್ದು, ಪ್ಯಾರಾಲಿಂಪಿಕ್ಸ್ ಪದಕ ಪಡೆದ ಮೊದಲ ಭಾರತೀಯ ಮಹಿಳೆಯೆನಿಸಿದ ದೀಪಾ ಮಲಿಕ್. ಆಡಿದವರೇ ಆಡಳಿತದ ಚುಕ್ಕಾಣಿ ಹಿಡಿಯುವುದು ನಮ್ಮ ಕ್ರೀಡಾಲೋಕದಲ್ಲಿ ಅಪರೂಪ. ಈ ಕ್ಷೇತ್ರದಲ್ಲಿ ಅದು ಸತತ ಎರಡು ಬಾರಿ ಆಗಿದೆ.

ಆಡಳಿತದ ಮಾತು ಬಂದಾಗ ಅದರ ಕರಾಳ ಅಧ್ಯಾಯವನ್ನೂ ಹೇಳದಿರಲಾಗದು. 2015ರ ಮಾರ್ಚ್‌ನಲ್ಲಿ ಘಾಜಿಯಾಬಾದ್‌ನಲ್ಲಿ ನಡೆದ ರಾಷ್ಟ್ರೀಯ ಕೂಟದಲ್ಲಿ ಕ್ರೀಡಾಪಟುಗಳನ್ನು ಕನಿಷ್ಠ ಸೌಕರ್ಯಗಳೂ ಇಲ್ಲದ ಕಟ್ಟಡಗಳಲ್ಲಿ ಇರಿಸಿದ ದೃಶ್ಯಗಳು ದೇಶದ ಮುಂದೆ ಬಂದವು. ಅದರ ಬೆನ್ನಿಗೇ ಅಂತಾರಾಷ್ಟ್ರೀಯ ಸಮಿತಿ ಭಾರತದ ಘಟಕವನ್ನು ಅಮಾನತುಗೊಳಿಸಿತು. ರಿಯೋ ಕೂಟಕ್ಕೆ ಉಳಿದಿದ್ದುದು ಒಂದೂವರೆ ವರ್ಷ ಮಾತ್ರ. ಅಂಥ ಸ್ಥಿತಿಯಿಂದ ಹೊರಟು 19 ಜನರ ತಂಡ ರಿಯೋದಿಂದ ನಾಲ್ಕು ಪದಕ ತಂದಿತೆಂಬುದು ಕ್ರೀಡಾಪಟುಗಳ ಹಿರಿಮೆ, ವ್ಯವಸ್ಥೆಯದಲ್ಲ.

ಅಲ್ಲಿಂದೀಚೆಗೆ ವ್ಯವಸ್ಥೆಯೂ ಬದಲಾಗಿದೆ. ಅದನ್ನು ಒಪ್ಪದಿರುವುದು ಅಪ್ರಾಮಾಣಿಕತೆಯಾದೀತು. ಟೋಕಿಯೋಗೆ ಹೋದವರು 54 ಮಂದಿ, ಬಂದ ಪದಕ 19. ಪ್ಯಾರಿಸ್‌ಗೆ 84 ಮಂದಿ, 29 ಪದಕ, ಅದರಲ್ಲಿ 7 ಚಿನ್ನ; ಪಟ್ಟಿಯಲ್ಲಿ 18ನೆಯ ಸ್ಥಾನ. 1968ರಿಂದ 2016ರವರೆಗಿನ ಎಲ್ಲ ಕೂಟಗಳಲ್ಲಿ ನಾವು ಗಳಿಸಿದ್ದು ಒಟ್ಟು 12 ಪದಕ, ಅನಂತರದ ಎರಡೇ ಕೂಟಗಳಲ್ಲಿ 48! ಕೇಂದ್ರ ಸರಕಾರದ ಪದಕ ಗುರಿಯ ಯೋಜನೆಯಲ್ಲಿ ಪ್ಯಾರಾ ಕ್ರೀಡಾಪಟುಗಳಿಗೂ ಸ್ಥಾನ ದೊರೆತದ್ದು, ವಿದೇಶ ತರಬೇತಿಗೆ ಹಣ ಬಂದದ್ದು, ನಗದು ಬಹುಮಾನದ ಮೊತ್ತ ಒಲಿಂಪಿಕ್ಸ್‌ನಷ್ಟೇ ಆದದ್ದು, 2023ರ ಡಿಸೆಂಬರ್‌ನಲ್ಲಿ ಖೇಲೋ ಇಂಡಿಯಾ ಪ್ಯಾರಾ ಕೂಟ ಆರಂಭವಾದದ್ದು ಇದಕ್ಕೆ ಕಾರಣ. ಅವನಿ ಲೇಖರಾ, ಸುಮಿತ್ ಅಂತಿಲ್ ಟೋಕಿಯೋದ ಚಿನ್ನವನ್ನು ಪ್ಯಾರಿಸ್‌ನಲ್ಲಿ ಉಳಿಸಿಕೊಂಡರು. ತೋಳುಗಳೇ ಇಲ್ಲದೆ ಕಾಲಿನಿಂದ ಬಿಲ್ಲು ಹಿಡಿದು ಬಾಣ ಬಿಡುವ 17ರ ಶೀತಲ್ ದೇವಿ ರಾಕೇಶ್ ಕುಮಾರ್ ಜೊತೆಗೂಡಿ ಕಂಚು ಗೆದ್ದರು. ಪದಕವೆಂಬುದು ಕನಿಕರದ ಕೊಡುಗೆಯಲ್ಲ, ತರಬೇತಿಯ ಫಲ ಎಂಬುದು ಈ ಅಂಕಿಗಳಿಂದ ಯಾರಿಗಾದರೂ ತಿಳಿಯುವಂಥದು.

ಆದರೆ ಈ ಹಣವೆಲ್ಲ ಹರಿಯುವುದು ಗೆದ್ದವರ, ಗೆಲ್ಲುವ ಸಾಧ್ಯತೆಯಿರುವವರ ಕಡೆಗೆ. ಗೆಲ್ಲುವ ಮುನ್ನ ಏನು? 2016ರ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಕಾಯಿದೆ ವೈಕಲ್ಯದ 21 ಬಗೆಗಳನ್ನು ಗುರುತಿಸಿ, ಕ್ರೀಡೆಯಲ್ಲಿ ಪಾಲ್ಗೊಳ್ಳುವ ಹಕ್ಕನ್ನೂ ಬರೆದಿಟ್ಟಿದೆ. ಆದರೂ ನಮ್ಮ ಶಾಲೆಗಳಲ್ಲಿ ಆಟದ ಗಂಟೆ ಬಾರಿಸಿದಾಗ ಕಾಲಿಗೆ ಪಟ್ಟಿ ಕಟ್ಟಿಕೊಂಡ ಹುಡುಗನನ್ನು ಎಲ್ಲರ ಚೀಲ ಕಾಯಲು ಕೂರಿಸುವ ಪದ್ಧತಿ ಹೋಗಿದೆಯೇ? ನಮ್ಮ ಕಾಲದಲ್ಲಂತೂ ಇತ್ತು. ನನ್ನ ತರಗತಿಯಲ್ಲಿ ಅಂಥ ಒಬ್ಬ ಗೆಳೆಯನಿದ್ದ. ಅವನ ಎಸೆತದ ಗುರಿ ಎಷ್ಟು ನಿಖರವೆಂಬುದು ಮಾವಿನ ಮರಕ್ಕೆ ಕಲ್ಲು ಹೊಡೆಯುವಾಗ ಮಾತ್ರ ನಮಗೆ ತಿಳಿಯುತ್ತಿತ್ತು. ಅದಕ್ಕೊಂದು ಸ್ಪರ್ಧೆಯಿದೆಯೆಂದು ಗುರುಗಳಿಗಾಗಲಿ ನಮಗಾಗಲಿ ಗೊತ್ತಿರಲಿಲ್ಲ.

ನಮ್ಮ ಹೊರನಾಡ ಕನ್ನಡ ಸಂಘಗಳ ಕಡೆಗೂ ಕಣ್ಣು ಹಾಯಿಸಬೇಕಲ್ಲವೇ? ಪ್ರತಿವರ್ಷ ವಾರ್ಷಿಕ ಕ್ರೀಡಾಕೂಟ ನಡೆಸುತ್ತೇವೆ. ಮಕ್ಕಳ ಓಟ, ಮಹಿಳೆಯರ ಸಂಗೀತ ಕುರ್ಚಿ, ಹಿರಿಯರ ನಡಿಗೆ, ಹಗ್ಗಜಗ್ಗಾಟ ಎಲ್ಲವೂ ಉಂಟು. ಗಾಲಿಕುರ್ಚಿಯಲ್ಲಿ ಬರುವ ಸದಸ್ಯನಿಗೆ, ದೃಷ್ಟಿಯಿಲ್ಲದ ಮಗುವಿಗೆ ಒಂದು ಸ್ಪರ್ಧೆಯನ್ನಾದರೂ ಇಟ್ಟ ಸಂಘಗಳೆಷ್ಟು? ನಮ್ಮ ಸಭಾಗೃಹಗಳಲ್ಲಿ ಬಹುಪಾಲು ಮೊದಲ ಮಹಡಿಯಲ್ಲಿವೆ. ಲಿಫ್ಟ್ ಇರುವಲ್ಲಿ ಅದರ ಬಾಗಿಲು ಗಾಲಿಕುರ್ಚಿಗಿಂತ ಕಿರಿದು.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಭಾಗೃಹದಲ್ಲಿ ನಡೆದ ಸನ್ಮಾನ ಸಮಾರಂಭಕ್ಕೆ ನಾನೂ ಹೋಗಿದ್ದೆ. ಅಂದಿನ ಸನ್ಮಾನಿತರಲ್ಲಿ ಗಾಲಿಕುರ್ಚಿಯ ಕ್ರೀಡಾಪಟುವೊಬ್ಬರಿದ್ದರು. ಸಭಾಗೃಹದವರೆಗೆ ಅವರು ತಾವೇ ಕುರ್ಚಿ ನಡೆಸಿಕೊಂಡು ಬಂದರು. ವೇದಿಕೆಗೆ ಏಳು ಮೆಟ್ಟಿಲು. ನಾವು ನಾಲ್ವರು ಕುರ್ಚಿಸಮೇತ ಅವರನ್ನು ಎತ್ತಿದೆವು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಾಲು, ಫಲ, ಸ್ಮರಣಿಕೆಗಳಾದವು. ಇಳಿಸುವಾಗಲೂ ಚಪ್ಪಾಳೆ. ಮರುದಿನ ಬಂದ ಛಾಯಾಚಿತ್ರದಲ್ಲಿ ಎತ್ತಿದ ನಾವು ನಾಲ್ವರೂ ನಗುತ್ತಿದ್ದೆವು. ಅವರು ಎರಡೂ ಕೈಗಳಿಂದ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಮೆಟ್ಟಿಲುಗಳ ಕಡೆ ನೋಡುತ್ತಿದ್ದರು.

ಆ ಚಿತ್ರವನ್ನು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಮೇಜಿನ ಮೇಲಿಟ್ಟೆವು. ಹೆಚ್ಚು ಚರ್ಚೆಯಾಗಲಿಲ್ಲ. ವಾರದೊಳಗೆ ಬಡಗಿಯೊಬ್ಬ ಬಂದು ವೇದಿಕೆಯ ಪಕ್ಕದ ಗೋಡೆಯುದ್ದಕ್ಕೂ ಅಳತೆ ತೆಗೆದ. ಏಳು ಮೆಟ್ಟಿಲಿನ ಎತ್ತರಕ್ಕೆ ಇಳಿಜಾರು ಕಟ್ಟಬೇಕಾದರೆ ಮುಂದಿನ ಮೂರು ಸಾಲು ಆಸನಗಳನ್ನು ತೆಗೆಯಬೇಕಾಗುತ್ತದೆಂದ. ಆ ಸಾಲುಗಳು ಗಣ್ಯರಿಗೆ ಮೀಸಲಾದವು. ತೆಗೆಯಿರಿ ಎಂದರು ಅಧ್ಯಕ್ಷರು.